ಮಣ್ಣಿಗೆ ಸಲ್ಲಬೇಕಾದ ಅನ್ನ

"ಹೊಲವು ನನ್ನದು, ಬೆಳೆದ ಕಬ್ಬು ನನ್ನದು, ಕಡಿದ ಮೇಲೆ ಉಳಿದ ರವದಿಗೆ ಬೆಂಕಿಯಿಕ್ಕಿದರೆ ಯಾರಿಗೆ ಅನ್ಯಾಯವಾಯಿತು?" ಸದ್ಭಕ್ತರಾದ ರೈತರೊಬ್ಬರು ಈಚೆಗೆ ಹೀಗೆ ಕೇಳಿದರು. ಪ್ರಶ್ನೆಯು ತಳ್ಳಿಹಾಕತಕ್ಕುದಲ್ಲ. ನಾನೂ ಪಿತ್ರಾರ್ಜಿತವಾದ ಎರಡೆಕರೆಯಲ್ಲಿ ಹಲವು ವರ್ಷ ಹಾಗೆಯೇ ಸುಟ್ಟವನು.

ಮಣ್ಣು ಜಡವೆಂದು ಬಗೆದವರಿಗೆ ಇದರಲ್ಲಿ ದೋಷವೇ ಕಾಣದು. ಆದರೆ ಫಲವತ್ತಾದ ಮಣ್ಣಿನ ಒಂದು ಚಿಟಿಕೆಯಲ್ಲಿ ಕೋಟಿಗಟ್ಟಲೆ ಸೂಕ್ಷ್ಮಜೀವಿಗಳುಂಟು. ಕಸಕಡ್ಡಿಯನ್ನು ಕೊಳೆಯಿಸಿ ಪೈರಿಗೆ ಆಹಾರವನ್ನಾಗಿ ಮಾಡತಕ್ಕವು ಇವೇ. ತೊಗರಿ, ಕಡಲೆಗಳ ಬೇರುಗಂಟಿನಲ್ಲಿ ನೆಲಸಿ ಗಾಳಿಯ ಸಾರಜನಕವನ್ನು ಹಿಡಿದುಕೊಡುವ ಜೀವಾಣುಗಳ ಸಂಗತಿಯನ್ನು 1888ರಲ್ಲಿ ಹೆಲ್‌ರೀಗೆಲ್, ವಿಲ್‌ಫಾರ್ತ್ ಎಂಬ ಜರ್ಮನ್ ವಿದ್ವಾಂಸರು ವಿಸ್ತಾರವಾಗಿ ಪ್ರಕಟಿಸಿದರು. ಜೋಳದೊಡನೆ ತೊಗರಿಯನ್ನು ಬಿತ್ತುತ್ತಿದ್ದ ನಮ್ಮ ಹಿರಿಯರು ಕಾರಣವನ್ನರಿಯದೆಯೂ ಫಲವನ್ನರಿತಿದ್ದರು.

ಬೆಂಕಿಯು ಈ ಜೀವಿಗಳನ್ನು ಕೊಲ್ಲುವುದರಿಂದಲೇ ಪಾಪವೆನ್ನುವವರುಂಟು. ಅದು ಅರ್ಧಸತ್ಯ. ಕಾವು ಒಂದೆರಡು ಅಂಗುಲಕ್ಕಿಂತ ಕೆಳಗೆ ಹೆಚ್ಚಾಗಿ ಇಳಿಯದು; ಸತ್ತವುಗಳ ಎಡೆಯನ್ನು ಉಳಿದವು ಕ್ರಮೇಣ ತುಂಬುವುವು. ಕೊಲೆಯೊಂದೇ ದೋಷವಾದರೆ ನೇಗಿಲು ಹಿಡಿಯುವಂತೆಯೇ ಇಲ್ಲ. ಬೇಸಾಯವೇ ಕಾಯಕವಾಗಿದ್ದ ಒಕ್ಕಲಿಗ ಮುದ್ದಣ್ಣನಿಗೆ ಶರಣರ ನಡುವೆ ಸ್ಥಾನವೇ ಇರುತ್ತಿರಲಿಲ್ಲ. ನಿಜವಾದ ದೋಷವು ದುಡಿದವರ ಅನ್ನವನ್ನು ಕಸಿದುಕೊಳ್ಳುವುದು. ರವದಿಯ ಇಂಗಾಲ, ಸಾರಜನಕಗಳ ಬಹುಭಾಗ ಹೊಗೆಯಾಗಿ ಹೋಗುವುದು. ಬೂದಿಯೂ ಗೊಬ್ಬರವಲ್ಲವೆ ಎಂದರೆ, ಅಹುದು, ಅದರಲ್ಲಿ ಪೊಟ್ಯಾಷ್ ಉಳಿಯುವುದು. ಆದರೆ ಬೂದಿಯಿಂದ ಹಸಿವು ಹಿಂಗದು. ಉಂಡವನು ಉಣಿಸಬೇಕೆಂಬ ದಾಸೋಹಭಾವವು ಮನೆಯ ಹೊಸ್ತಿಲಿಗೇ ಮುಗಿಯತಕ್ಕುದೆ?

ಗೊಬ್ಬರದ ಚೀಲವಿರುವಾಗ ಈ ಚಿಂತೆಯೇಕೆ ಎಂಬ ಮಾತೂ ಉಂಟು. ಇಂಗ್ಲೆಂಡಿನ ರಾಥಮ್‌ಸ್ಟೆಡ್ಡಿನಲ್ಲಿ 1843ರಿಂದ ಗೋಧಿಯ ಹೊಲವೊಂದನ್ನು ಪರೀಕ್ಷೆಗಾಗಿಯೇ ಸಾಗುಮಾಡುತ್ತಿರುವರು. ಒಂದು ತಾಕಿಗೆ ವರ್ಷವರ್ಷವೂ ಕೊಟ್ಟಿಗೆಗೊಬ್ಬರ, ಇನ್ನು ಕೆಲವಕ್ಕೆ ರಾಸಾಯನಿಕ ಗೊಬ್ಬರ ಮಾತ್ರ. ರಾಸಾಯನಿಕವನ್ನು ತಕ್ಕಷ್ಟು ಹಾಕಿದ ತಾಕುಗಳು ಇಳುವರಿಯಲ್ಲಿ ಸೋತಿಲ್ಲ, ಇದನ್ನು ಒಪ್ಪಲೇಬೇಕು. ಆದರೆ ಕೊಟ್ಟಿಗೆಗೊಬ್ಬರದ ತಾಕಿನಲ್ಲಿ ಸಾವಯವ ಇಂಗಾಲವು ಇವುಗಳಿಗಿಂತ ಎರಡರಷ್ಟಕ್ಕೂ ಮಿಗಿಲು. ಸೂಕ್ಷ್ಮಜೀವಿಗಳೂ ಬಹಳ ಹೆಚ್ಚು. ನಷ್ಟವು ಈ ವರ್ಷದ ಲೆಕ್ಕದಲ್ಲಿ ಕಾಣದು. ನಮ್ಮ ಬಿಸಿಲಿನ ನಾಡಿನಲ್ಲಂತೂ ಮಣ್ಣಿನ ಸಾರ ಬೇಗ ಕರಗುವುದು. ಅನ್ಯಾಯವಾಗುವುದು ಮುಂದೆ ಆ ಹೊಲವನ್ನು ಉಳುವವನಿಗೆ. ಅವನು ಹೆಚ್ಚಾಗಿ ನಮ್ಮ ಮಗನೇ.

ರವದಿಯನ್ನು ಹಾಸುವುದು ಸುಲಭವೆಂದು ನಾನು ಹೇಳಲಾರೆ. ಇಲಿಯ ಕಾಟವುಂಟು, ಕೂಲಿ ಹೆಚ್ಚು. ಕೊಳೆಯುವಾಗ ಜೀವಿಗಳೇ ಸಾರಜನಕವನ್ನು ಹೀರುವುದರಿಂದ ಕೂಳೆಯ ಪೈರು ಕೆಲಕಾಲ ಹಳದಿಗಟ್ಟುವುದುಂಟು. ಅದಕ್ಕಾಗಿ ಸಗಣಿನೀರನ್ನೂ ತುಸು ಯೂರಿಯವನ್ನೂ ಮೇಲೆ ಚೆಲ್ಲುವರು. ಕಳೆದ ಸಲ ಕಬ್ಬು ಸಾಗಿದ ಮೇಲೆ ಸಾಲುಬಿಟ್ಟು ಸಾಲಿಗೆ ಹಾಸಿಸಿದೆನು. ಬೆಂಕಿಪೊಟ್ಟಣದೊಡನೆ ಬಂದಿದ್ದ ಆಳು ನಕ್ಕು, ಎರಡು ದಿನದ ಕೂಲಿಯನ್ನು ಹೆಚ್ಚಾಗಿ ಕೇಳಿದನು. ಕೊಟ್ಟೆನು.