ಕಂಕುಳ ಕೂಸಿನ ಲೆಕ್ಕ

ಕಣಕಟ್ಟೆ ಹೋಬಳಿಯ ಒಂದು ಶಾಲೆಯಲ್ಲಿ ನಾನು ಮೇಷ್ಟ್ರು. ರಾಗಿ ಕುಯ್ಲಿನ ಕಾಲದಲ್ಲಿ ಐದನೇ ಕ್ಲಾಸಿನ ಹುಡುಗಿಯೊಬ್ಬಳ ಹೆಸರಿನ ಮುಂದೆ ಎರಡು ವಾರ ಸತತವಾಗಿ ಗೈರು ಬರೆದೆ. ಆಮೇಲೆ ಕೇರಿಗೆ ಹೋಗಿ ಅವರವ್ವನನ್ನು ಕೇಳಿದೆ, ಸ್ವಲ್ಪ ಗದರಿಸಿಯೇ ಕೇಳಿದೆ. 'ಕೂಸ್ನ ಯಾರ್ ನೋಡ್ಕತಾರೆ ಸಾ? ನೀವ್ ನೋಡ್ಕತೀರಾ?' ಅಂದಳು. ಹುಡುಗಿ ಜಗಲಿಯ ಮೇಲೆ ತಮ್ಮನನ್ನು ಕಂಕುಳಲ್ಲಿ ಎತ್ತಿಕೊಂಡು ನಿಂತಿತ್ತು. ನನ್ನ ಹತ್ತಿರ ಉತ್ತರವಿರಲಿಲ್ಲ. ಮಾರನೆ ದಿನವೂ ಗೈರು ಅಂತಲೇ ಬರೆದೆ.

ಆ ಗೈರು ಯಾರದು? ಹುಡುಗಿಯದೋ, ಅವ್ವನದೋ, ಸರ್ಕಾರದ್ದೋ?

ದುಡಿಯುವ ತಾಯ್ತಂದೆಗೆ ಮಕ್ಕಳ ಖರ್ಚು ಹೊರೆ ಎಂಬುದು ಸರ್ಕಾರಕ್ಕೆ ತಿಳಿಯದ ಸಂಗತಿಯಲ್ಲ. 1961ರ ಆದಾಯ ತೆರಿಗೆ ಕಾಯ್ದೆಯ 80ಸಿ ಕಲಮು ಇಬ್ಬರು ಮಕ್ಕಳ ಬೋಧನಾ ಶುಲ್ಕವನ್ನು ಆದಾಯದಿಂದ ಕಳೆಯಲು ಬಿಟ್ಟಿತ್ತು. ಪ್ಲೇಸ್ಕೂಲಿನ ಫೀಸೂ ಅದರಲ್ಲಿ ಸೇರಿತ್ತು. 2021ರಲ್ಲಿ ರಾಜ್ಯ ಸರ್ಕಾರಿ ನೌಕರಿಯ ಹೆಂಗಸರಿಗೆ ಆರು ತಿಂಗಳ ಶಿಶುಪಾಲನಾ ರಜೆ ಸಿಕ್ಕಿತು. ಸಿಗಲಿ, ಬೇಡ ಅನ್ನುವುದಿಲ್ಲ. ಅಮೆರಿಕದಲ್ಲಿ 1976ರಿಂದ, ಕೆಲಸಕ್ಕೆ ಹೋಗುವವರು ಕೂಸು ನೋಡಿಕೊಳ್ಳುವವರಿಗೆ ಕೊಟ್ಟ ದುಡ್ಡಿನ ಒಂದು ಪಾಲನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲೇ ಮುರಿದುಕೊಳ್ಳಬಹುದು. ಆದರೆ ಅಲ್ಲೂ, 2021ರ ಒಂದು ವರ್ಷ ಬಿಟ್ಟರೆ, ತೆರಿಗೆ ಬೀಳುವಷ್ಟು ಆದಾಯವೇ ಇಲ್ಲದ ಬಡವಿಗೆ ಮುರಿದುಕೊಳ್ಳಲು ಏನೂ ಇರುವುದಿಲ್ಲ.

ನಮ್ಮ ಕೂಲಿಯವಳು ತೆರಿಗೆ ಎಲ್ಲಿ ಕಟ್ಟುತ್ತಾಳೆ ಅನ್ನುವವರಿದ್ದಾರೆ. ಅವಳು ಕೊಳ್ಳುವ ಸೋಪಿನಲ್ಲಿ, ಕೂಸಿನ ಕೈಗಿಡುವ ಬಿಸ್ಕತ್ತಿನಲ್ಲಿ ತೆರಿಗೆ ಇದೆ ಕಣ್ರಪ್ಪ. ಅದಕ್ಕೆ ಫಾರಮ್ಮಿಲ್ಲ, ವಾಪಸು ಕೇಳುವ ಕಿಟಕಿಯೂ ಇಲ್ಲ. ಅದಕ್ಕಿಂತ ದೊಡ್ಡ ತೆರಿಗೆಯನ್ನು ಆ ಮನೆಯಲ್ಲಿ ಕಟ್ಟುತ್ತಿರುವವಳು ಹತ್ತು ವರ್ಷದ ಹುಡುಗಿ. ಧಣಿಯ ರಾಗಿ ಕಣಕ್ಕೆ ಬರಬೇಕಾದರೆ ಅವ್ವ ಹೊಲದಲ್ಲಿರಬೇಕು. ಅವ್ವ ಹೊಲದಲ್ಲಿರಬೇಕಾದರೆ ಅಕ್ಕ ಮನೆಯಲ್ಲಿರಬೇಕು. ಕೂಲಿ ಅವ್ವನಿಗೊಬ್ಬಳಿಗೆ. ಅಕ್ಕನದು ಬಿಟ್ಟಿ. ಜೀತ ರದ್ದು ಮಾಡುವ ಕಾಯ್ದೆ ಬಂದದ್ದು 1976ರಲ್ಲಿ. ಈ ಜೀತಕ್ಕೆ ನಾವು ಅಕ್ಕರೆ ಅಂತ ಹೆಸರಿಟ್ಟು ಸುಮ್ಮನಿದ್ದೇವೆ. ಅಕ್ಕರೆ ಇಲ್ಲವೆಂದಲ್ಲ. ಆ ಹುಡುಗಿ ತಮ್ಮನ ಸಿಂಬಳವನ್ನು ತನ್ನ ಲಂಗದಲ್ಲೇ ಒರೆಸಿದ್ದನ್ನು ಕಂಡಿದ್ದೇನೆ. ಅಕ್ಕರೆ ಇದೆ ಅಂತ ಅವಳ ಓದನ್ನು ಕಿತ್ತುಕೊಳ್ಳಬಹುದೆ?

1928ರಲ್ಲಿ ಮುಂಬಯಿ ಶಾಸನಸಭೆಯಲ್ಲಿ ಹೆರಿಗೆ ಭತ್ಯೆಯ ಮಸೂದೆ ಬಂದಾಗ ಬಾಬಾಸಾಹೇಬರು ಅದರ ಪರ ನಿಂತರು. ಹೆಂಗಸಿನ ದುಡಿಮೆಯಿಂದ ಲಾಭ ಪಡೆಯುವ ಮಾಲೀಕನೂ ಸರ್ಕಾರವೂ ಆ ಹೊರೆ ಹೊರಬೇಕೆಂಬುದು ಅವರ ವಾದ. ಆ ಮಸೂದೆ ಕಾರ್ಖಾನೆಯ ಹೆಂಗಸರದು. ಹೆತ್ತ ಮೇಲಿನ ವರ್ಷಗಳಿಗೂ ಹೊಲದ ಕೂಲಿಗೂ ಆ ವಾದವನ್ನು ಎಳೆದು ತರಬೇಕಾದವರು ನಾವು.

ಸರ್ಕಾರ ಅತ್ತ ಒಂದೆರಡು ಹೆಜ್ಜೆ ಇಟ್ಟದ್ದೂ ಉಂಟು. 1975ರಲ್ಲಿ ನಮ್ಮ ರಾಜ್ಯದ ತಿರುಮಕೂಡಲು ನರಸೀಪುರದಲ್ಲಿ ಅಂಗನವಾಡಿ ಶುರುವಾಯಿತು. ಆದರೆ ಅಲ್ಲಿ ದಿನವಿಡೀ ಕೂರುವುದು ಮೂರು ವರ್ಷ ದಾಟಿದ ಮಕ್ಕಳು. (ಅಲ್ಲಿ ದುಡಿಯುವವಳಿಗೆ ಕೊಡುವುದು ಸಂಬಳವಲ್ಲ, ಗೌರವಧನ. ಗೌರವದಿಂದ ಒಲೆ ಉರಿಯುವುದಿಲ್ಲ.) 2005ರ ಉದ್ಯೋಗ ಖಾತ್ರಿ ಕಾಯ್ದೆ, ಕೆಲಸದ ಜಾಗದಲ್ಲಿ ಐದು ಎಳೆಯ ಮಕ್ಕಳಿದ್ದರೆ ನೋಡಿಕೊಳ್ಳಲು ಒಬ್ಬಳನ್ನು ನೇಮಿಸಿ ಅವಳಿಗೂ ಕೂಲಿ ಕೊಡಬೇಕೆಂದಿತು. 2023ರ ಬಜೆಟ್ಟಿನಲ್ಲಿ ರಾಜ್ಯ ಸರ್ಕಾರ 4,000 ಗ್ರಾಮ ಪಂಚಾಯತಿಗಳಲ್ಲಿ 'ಕೂಸಿನ ಮನೆ' ತೆರೆಯುತ್ತೇವೆಂದಿತು. ಹೆಸರು ಚೆನ್ನಾಗಿದೆ. ಅದು ನಿಂತದ್ದು ಖಾತ್ರಿ ಕೂಲಿಯ ದುಡ್ಡಿನ ಮೇಲೆ. ಆ ಖಾತ್ರಿ ಕಾಯ್ದೆಯನ್ನೇ ತೆಗೆದು ಬೇರೊಂದನ್ನು ತರಲು 2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು ಒಪ್ಪಿತು. ಯೋಜನೆ ಕೊಟ್ಟಿದ್ದನ್ನು ಯೋಜನೆಯೇ ಹೊತ್ತುಕೊಂಡು ಹೋಗಬಹುದು. ಹಕ್ಕಾಗಿದ್ದರೆ ಹಾಗಾಗುತ್ತಿತ್ತೆ?

ಇನ್ನೊಂದು ಮಾತಿದೆ, ನಮ್ಮವರೂ ಆಡುತ್ತಾರೆ: ಕೂಸನ್ನು ಬೇರೆಯವರ ಕೈಗೆ ಕೊಟ್ಟರೆ ತಾಯ್ತನ ಏನಾಯಿತು? ದೊಡ್ಡ ಮನೆಗಳ ಕೂಸುಗಳನ್ನು ಆಳುಮಗಳು ಎತ್ತಿ ಆಡಿಸಿದಾಗ ಯಾರ ತಾಯ್ತನವೂ ಕೆಡಲಿಲ್ಲ. ಕೆಡುತ್ತದೆಂಬ ಭಯ ಶುರುವಾಗುವುದು ಕೇರಿಯ ಕೂಸಿಗೆ ಒಂದು ಕೋಣೆ ಕೇಳಿದಾಗ. ಆ ಕೋಣೆ ಊರೊಳಗಿರಬೇಕೋ ಕೇರಿಯಲ್ಲೋ, ಯಾರ ಕೂಸು ಯಾರ ತೊಡೆಯ ಮೇಲೆ ಮಲಗಬೇಕು, ಯಾರು ಬೇಯಿಸಿದ್ದನ್ನು ಯಾರು ಉಣ್ಣಬೇಕು, ಈ ಜಗಳವೂ ಬರುತ್ತದೆ. ಬರಲಿ. ಬೀದಿಯಲ್ಲೇ ಆಗಲಿ.

ಹುಡುಗಿ ಕುಯ್ಲು ಮುಗಿದ ಮೇಲೆ ಬಂದಳು. ಭಾಗಾಕಾರ ಮುಗಿದುಹೋಗಿತ್ತು. ಈಗ ನಾನು ಹಾಜರಿ ಪುಸ್ತಕದಲ್ಲಿ ಗೈರು ಬರೆಯುವಾಗ ಪಕ್ಕದಲ್ಲಿ ಪೆನ್ಸಿಲಿನಿಂದ 'ಕೂಸು' ಅಂತಲೂ ಬರೆಯುತ್ತೇನೆ. ಇದೇನು ಅಂತ ಇನ್ನೂ ಯಾರೂ ಕೇಳಿಲ್ಲ.