ಪುಕ್ಕಲನ ಕೊಡಚಾದ್ರಿ

ಕಾಡು ಧೈರ್ಯವಂತರಿಗಿಂತ ಪುಕ್ಕಲರಿಗೇ ಹೆಚ್ಚು ಕಾಣಿಸುತ್ತದೆ ಎಂಬುದು ನನ್ನ ಬಲವಾದ ನಂಬಿಕೆ. ಧೈರ್ಯವಂತ ಶಿಖರದ ಮೇಲೆ ಕಣ್ಣಿಟ್ಟು ದಾಪುಗಾಲು ಹಾಕುತ್ತಾನೆ. ಪುಕ್ಕಲನಿಗೆ ಆ ಸೌಕರ್ಯವಿಲ್ಲ. ಕಾಲಿಡುವ ಮುಂಚೆ ಒಂದೊಂದು ತರಗೆಲೆಯನ್ನೂ ಅನುಮಾನಿಸಬೇಕು, ಮೇಲೆ ಜೋತುಬಿದ್ದ ಬಳ್ಳಿ ಬಳ್ಳಿಯೇ ಹೌದೋ ಅಲ್ಲವೋ ಎಂದು ಖಾತ್ರಿ ಮಾಡಿಕೊಳ್ಳಬೇಕು, ಹಿಂದೆ ಸರ್ರೆಂದ ಸದ್ದು ಸ್ವಂತ ಚೀಲದ್ದೇ ಎಂದು ಗೊತ್ತಾಗುವವರೆಗೆ ಉಸಿರು ಹಿಡಿದಿರಬೇಕು. ನನ್ನ ಭಾವಮೈದ ಕೊಡಚಾದ್ರಿ ಹತ್ತಿಳಿದು ಹೇಳಿದ್ದು ಎರಡೇ ಮಾತು: "ಸೂಪರ್ ವ್ಯೂ, ಭಾವ." ನಾನು ಅದೇ ದಾರಿಯ ಬಗ್ಗೆ ಇವತ್ತಿಗೂ ಮಾತಾಡುತ್ತಿದ್ದೇನೆ. ಮನೆಯವರು ಸಾಕ್ಷಿ.

ಹೊರಡುವ ಮುಂಚೆ ನನ್ನ ಭಯಗಳಿಗೆ ಒಂದು ಶ್ರೇಣಿ ಇತ್ತು. ಮೊದಲು ಹುಲಿ, ಆಮೇಲೆ ಕಾಳಿಂಗ ಸರ್ಪ, ಕಾಟಿ, ಕರಡಿ, ಕೊನೆಗೆ ಉಂಬಳ. ಅದಕ್ಕೆ ತಕ್ಕಂತೆ ಚೀಲವೂ ತುಂಬಿತು: ಉಪ್ಪಿನ ಪೊಟ್ಟಣ, ಡೆಟಾಲ್ ಬಾಟಲಿ, ಹೊಗೆಸೊಪ್ಪಿನ ಪುಡಿ, ಪೀಪಿ, ಕತ್ತಲಾಗುವ ಮುಂಚೆಯೇ ಮುಗಿಯುವ ಕಾರ್ಯಕ್ರಮಕ್ಕೆ ಒಂದಲ್ಲ ಎರಡು ಟಾರ್ಚು. "ಕಾಶಿಗೆ ಹೋಗೋರೂ ಇಷ್ಟು ಹೊರಲ್ಲ ಕಣ್ರೀ" ಎಂದಳು ಹೆಂಡತಿ. ರಾತ್ರಿ ಬಸ್ಸು ಹತ್ತಿ ಕೂತವನು ಡ್ರೈವರ್ ಯಾರು ಎಂದು ತಿರುಗಿಯೂ ನೋಡದೆ ಗೊರಕೆ ಹೊಡೆದೆ. 2023ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಪ್ರಾಣ ಬಿಟ್ಟವರು 1.7 ಲಕ್ಷಕ್ಕೂ ಹೆಚ್ಚು ಮಂದಿ. ನನ್ನ ಶ್ರೇಣಿಯಲ್ಲಿ ಬಸ್ಸಿಗೆ ಜಾಗವೇ ಇರಲಿಲ್ಲ.

ಕೊಡಚಾದ್ರಿ ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲ್ಲೂಕಿನಲ್ಲಿದೆ. ಎತ್ತರ 1,343 ಮೀಟರ್, ಸುತ್ತ ಮೂಕಾಂಬಿಕಾ ವನ್ಯಜೀವಿ ಅಭಯಾರಣ್ಯದ ಕಾಡು. ನಿಟ್ಟೂರಿನ ಕಡೆಯಿಂದ ಹಿಡ್ಲುಮನೆ ಜಲಪಾತದ ಪಕ್ಕ ಹತ್ತಿಕೊಂಡು ಹೋಗುವ ದಾರಿ ನಮ್ಮದು. ಮಳೆಗಾಲ ಮುಗಿದಿತ್ತು, ನೆಲ ಇನ್ನೂ ಒಣಗಿರಲಿಲ್ಲ. ದಾರಿ ತೋರಿಸಲು ಬಂದ ಊರಿನ ಹಿರಿಯರು ಹವಾಯಿ ಚಪ್ಪಲಿಯಲ್ಲಿದ್ದರು. ಸೊಂಟಕ್ಕೊಂದು ಕತ್ತಿ ಬಿಟ್ಟರೆ ಅವರ ಬಳಿ ಬೇರೇನಿಲ್ಲ. ನನ್ನ ಚೀಲವನ್ನು ಒಮ್ಮೆ ಎತ್ತಿ ನೋಡಿ, "ಎಂತ ಸಾರ್, ಅಲ್ಲೇ ಉಳಿಯೋದಾ?" ಎಂದರು. ಹುಲಿಯ ವಿಷಯ ಕೇಳಿದೆ. "ಹುಲಿ ನೋಡ್ಬೇಕಾದ್ರೆ ನಾಗರಹೊಳೆಗೆ ಹೋಗಿ ಮಾರಾಯ್ರೆ. ಇಲ್ಲಿ ಯಾಕೆ ಬಂದ್ರಿ?"

ಉಂಬಳಗಳ ವಿಷಯದಲ್ಲಿ ಪುಕ್ಕಲನಿಗೆ ಘೋರ ಅನ್ಯಾಯವಾಗುತ್ತದೆ. ಅವು ನಡೆಯುವವರ ಹೆಜ್ಜೆಯ ಅದುರು, ಮೈಯ ಬಿಸಿ, ಉಸಿರಿನ ಇಂಗಾಲದ ಡೈಆಕ್ಸೈಡ್ ಹಿಡಿದು ಹುಡುಕಿಕೊಂಡು ಬರುತ್ತವೆ. ಸುಮ್ಮನೆ ನಡೆದು ಹೋಗುವವನು ಅರ್ಧಕ್ಕರ್ಧ ತಪ್ಪಿಸಿಕೊಳ್ಳುತ್ತಾನೆ. ಹತ್ತಿದೆಯೋ ಇಲ್ಲವೋ ಎಂದು ನಿಂತು, ಬಗ್ಗಿ, ಏದುಸಿರು ಬಿಡುತ್ತ ಕಾಲುಚೀಲ ತಡಕುವವನ ಸುತ್ತ ಅವು ಅಲ್ಲಿಂದ ಇಲ್ಲಿಂದ ತಲೆಯೆತ್ತಿ ಹೊರಡುತ್ತವೆ. ಒಂದು ನನ್ನ ಕಣ್ಣೆದುರೇ ಬೂಟಿನ ಲೇಸಿನ ಮೇಲೆ ಬಾಲ ಊರಿ ನಿಂತು, ಅತ್ತಿತ್ತ ಓಲಾಡಿ, ಎಲ್ಲಿ ಸಂದು ಸಿಗಬಹುದೆಂದು ಪರೀಕ್ಷಿಸಿತು. ನಾನು ಪೀಪಿ ಊದಲಿಲ್ಲ, ಅಷ್ಟು ಮಾತ್ರ ಹೇಳಬಲ್ಲೆ. ಉಪ್ಪು, ಡೆಟಾಲ್, ಹೊಗೆಸೊಪ್ಪು ಮೂರೂ ಸುರಿದುಕೊಂಡು ಕುಣಿಯುತ್ತಿದ್ದ ನನ್ನನ್ನು ಹಿರಿಯರು ಮರಕ್ಕೊರಗಿ ಸಮಾಧಾನವಾಗಿ ನೋಡಿದರು. ಇಷ್ಟೆಲ್ಲ ಆದರೂ ಒಂದು ಒಳಗೆ ಸೇರಿ, ಹೊಟ್ಟೆ ತುಂಬ ಕುಡಿದು, ಬಿದ್ದು ಹೋಗಿತ್ತು. ಅದು ಗೊತ್ತಾದದ್ದು ಮಧ್ಯಾಹ್ನ ಬುತ್ತಿ ಬಿಚ್ಚುವಾಗ, ಕಾಲುಚೀಲ ಕೆಂಪಾದ ಮೇಲೆ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ರಸ ಅದರ ಜೊಲ್ಲಿನಲ್ಲಿರುವುದರಿಂದ ಗಾಯ ಬಹಳ ಹೊತ್ತು ಒಸರುತ್ತದೆ. ನೋವು ಮಾತ್ರ ಇಲ್ಲವೇ ಇಲ್ಲ. ಒಂದು ವಾರ ನಿದ್ದೆಗೆಡಿಸಿದ ಪ್ರಾಣಿ ಕಚ್ಚಿದಾಗ ನನಗೆ ತಿಳಿಯಲೇ ಇಲ್ಲವಲ್ಲ ಎಂಬುದು ಸ್ವಲ್ಪ ಅವಮಾನದ ಸಂಗತಿಯೇ.

ಜಲಪಾತ ದಾಟಿದ ಮೇಲೆ ಕಾಡು ದಟ್ಟವಾಯಿತು. ಎಲ್ಲೋ ನಾಯಿ ಬೊಗಳಿತು. ಸದ್ಯ, ಹತ್ತಿರದಲ್ಲೇ ಮನೆಯಿದೆ ಎಂದು ನನಗೆ ಜೀವ ಬಂತು. ಹಿರಿಯರು ಮಾತ್ರ ನಿಂತಲ್ಲೇ ನಿಂತರು.

"ನಾಯಿ ಅಲ್ಲ. ಕಾಡುಕುರಿ."

"ಕುರಿ ಬೊಗಳುತ್ತಾ?"

"ಎಂತದೋ ಕಂಡು ಹೆದರಿದೆ."

ಏನನ್ನು ಎಂದು ಕೇಳುವ ಧೈರ್ಯವನ್ನು ಹೇಗೋ ಕೂಡಿಸಿಕೊಂಡೆ. ಅವರು ನನ್ನ ಕೆಂಪು ಟೋಪಿ, ಚೀಲ, ಎರಡು ಕೈಯಲ್ಲೂ ಹಿಡಿದ ಕೋಲು ಎಲ್ಲ ಒಂದು ಸಲ ನೋಡಿ, "ನಿಮ್ಮನ್ನೇ ಇರ್ಬೋದು" ಎಂದರು.

ಅಷ್ಟು ಹೊತ್ತು ಈ ಕಾಡಿನಲ್ಲಿ ಹೆದರುತ್ತಿರುವವನು ನಾನೊಬ್ಬನೇ ಎಂದುಕೊಂಡಿದ್ದೆ. ಸುತ್ತ ನೋಡಿದರೆ ಇಡೀ ಕಾಡೇ ಹೆದರುಪುಕ್ಕಲರ ಸಂಸಾರ. ಕೆಂದಳಿಲು ಕೊಂಬೆಯ ಹಿಂದೆ ಹೋಗಿ ಅಂಟಿಕೊಳ್ಳುತ್ತದೆ, ಮಂಗ ಕೂಗಿ ಇನ್ನೊಂದಕ್ಕೆ ಸುದ್ದಿ ಮುಟ್ಟಿಸುತ್ತದೆ, ಕಾಳಿಂಗನೂ ಮನುಷ್ಯರ ಸುಳಿವು ಸಿಕ್ಕರೆ ಸರಿದು ಹೋಗುವುದನ್ನೇ ಇಷ್ಟಪಡುತ್ತದೆ. ನಮ್ಮ ಹಿರಿಯರೂ ಇದಕ್ಕೆ ಹೊರತಲ್ಲ. ದಾರಿಗೆ ಅಡ್ಡ ಬಿದ್ದ ಮರವನ್ನು ಭಾವಮೈದ ಹಾರಿ ದಾಟಿದ; ಅವರು ಅದರ ಮೇಲೆ ಕಾಲಿಟ್ಟು ನಿಂತು, ಆಚೆ ಬದಿಯಲ್ಲಿ ಏನಿದೆ ಎಂದು ಇಣುಕಿ, ಆಮೇಲೆ ಇಳಿದರು. ಬಂಡೆ ಹತ್ತುವಾಗ ಕಾಣದ ಸಂದಿಗೆ ಒಮ್ಮೆಯೂ ಕೈ ಹಾಕಲಿಲ್ಲ. ಪಾಚಿ ಹಿಡಿದ ಕಲ್ಲಿನ ಮುಂದೆ ಬೇಸಾಯಗಾರ ಮೋಡ ನೋಡುವ ಹಾಗೆ ನಿಂತು ನೋಡಿದರು. ನಿಮಗೂ ಹೆದರಿಕೆಯಾ ಎಂದೆ. "ಆಗದೆ ಇರ್ತದಾ ಸಾರ್?" ಎಂದು ಅವರಿಗೇ ಆಶ್ಚರ್ಯವಾಯಿತು.

ಅವರ ಹೆದರಿಕೆಗೂ ನನ್ನದಕ್ಕೂ ಇರುವ ವ್ಯತ್ಯಾಸ ನನ್ನ ತಲೆ ಕೊರೆಯಿತು. ನನ್ನದು ಟೀವಿಯಿಂದ, ಬಾಲ್ಯದ ಕಥೆಗಳಿಂದ ಬಂದ ಹೆದರಿಕೆ. ಹಾಗಾಗಿ ಅದಕ್ಕೆ ದೊಡ್ಡ ಹಲ್ಲು, ದೊಡ್ಡ ಹೆಡೆ ಬೇಕು. ಹಾವು ಎಂದರೆ ನನಗೆ ಕಾಳಿಂಗ. ಪಶ್ಚಿಮಘಟ್ಟದ ಕಾಳಿಂಗವನ್ನು 2024ರಲ್ಲಿ ಬೇರೆಯೇ ಪ್ರಭೇದವೆಂದು ಗುರುತಿಸಿ ನಮ್ಮ 'ಕಾಳಿಂಗ' ಎಂಬ ಹೆಸರನ್ನೇ ಅದಕ್ಕೆ ಇಟ್ಟಿದ್ದಾರೆ. ಅದರ ಊಟ ಹೆಚ್ಚಾಗಿ ಬೇರೆ ಹಾವುಗಳೇ. ಅದು ಕಚ್ಚಿ ಮನುಷ್ಯ ಸತ್ತದ್ದು ತೀರ ಅಪರೂಪ. ಭಾರತದಲ್ಲಿ ವರ್ಷಕ್ಕೆ ಸುಮಾರು 58,000 ಜನ ಹಾವು ಕಚ್ಚಿ ಸಾಯುತ್ತಾರೆಂದು ಅಂದಾಜು. ಅವರನ್ನು ಕೊಲ್ಲುವುದು ಗದ್ದೆ ಬದುವಿನ ಕೊಳಕುಮಂಡಲ, ರಾತ್ರಿ ಹಾಸಿಗೆಗೆ ಬರುವ ಕಟ್ಟುಹಾವು ಇಂಥವು. ಸಾಯುವವರು ಬಹುಪಾಲು ಹಳ್ಳಿಯ ದುಡಿಯುವ ಜನ, ಚಾರಣಿಗರಲ್ಲ.

ಹಿರಿಯರ ಭಯದ ಪಟ್ಟಿಯಲ್ಲಿ ಮೊದಲ ಜಾಗ ಉಣುಗಿನದು. ಉಣುಗು ಅಂದರೆ ಮೈಗೆ ಹತ್ತುವ ಉಣ್ಣೆ. ಅದರ ಮರಿ ಎಳ್ಳುಕಾಳಿಗಿಂತ ಸಣ್ಣದು. ಹುಲಿಯ ವಿಷಯದಲ್ಲಿ ನಕ್ಕವರು ಇದರ ವಿಷಯ ಬಂದಾಗ ನಗಲಿಲ್ಲ. ಚಳಿಗಾಲ ಕಳೆದು ಕಾಡು ಒಣಗಿದ ಮೇಲೆ ಕೊಟ್ಟಿಗೆಗೆ ದರಗು ತರಲು ಹೋಗುವಾಗ ಆರೋಗ್ಯ ಇಲಾಖೆಯವರು ಕೊಟ್ಟ ಡೇಪಾ ಎಣ್ಣೆ ಹಚ್ಚಿಕೊಳ್ಳದೆ ಹೆಂಗಸರನ್ನು ಮನೆ ಬಿಟ್ಟು ಕಳಿಸುವುದಿಲ್ಲ ಎಂದರು. ಸತ್ತ ಮಂಗ ಕಂಡರೆ ಆ ಕಡೆಗೇ ಹೋಗುವುದಿಲ್ಲ, ಮೊದಲು ಸುದ್ದಿ ಮುಟ್ಟಿಸುತ್ತಾರೆ. 1957ರಲ್ಲಿ ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಜನ ಜ್ವರ ಹಿಡಿದು ಮಲಗಿದಾಗ ಗೊತ್ತಾದ ವೈರಸ್ ಉಣುಗು ಕಚ್ಚಿದರೆ ಹರಡುತ್ತದೆ, ಅದಕ್ಕೇ ಈ ಎಚ್ಚರ. ಲೋಕಕ್ಕೆ ಕ್ಯಾಸನೂರು ಕಾಡಿನ ಕಾಯಿಲೆ, ಇಲ್ಲಿಯವರಿಗೆ ಮಂಗನ ಕಾಯಿಲೆ. 2019ರ ಹೊತ್ತಿಗೆ ಸಾಗರ ತಾಲ್ಲೂಕಿನ ಅರಳಗೋಡು ಸುತ್ತ ಹಲವರ ಪ್ರಾಣ ತೆಗೆಯಿತು. ಹಿಂದೆ ಕೊಡುತ್ತಿದ್ದ ಲಸಿಕೆಯ ಪರಿಣಾಮ ಸಾಲದೆಂದು ಅದನ್ನು ನಿಲ್ಲಿಸಿದ್ದಾರೆ. ಇಷ್ಟೆಲ್ಲ ಇದ್ದರೂ ನನ್ನ ಐದು ಭಯಗಳ ಶ್ರೇಣಿಯಲ್ಲಿ ಈ ಹುಳುವಿಗೆ ಆರನೆಯ ಜಾಗವೂ ಸಿಕ್ಕಿರಲಿಲ್ಲ!

ಅವರ ಹೆದರಿಕೆಗೆ ಋತುವಿದೆ, ಜಾಗವಿದೆ, ಅಳತೆಯಿದೆ. ಜೋರು ಮಳೆಯಲ್ಲಿ ಹಳ್ಳಕ್ಕೆ, ಒಣಗಾಲದಲ್ಲಿ ಉಣುಗಿಗೆ, ಸಂಜೆಯ ಮೇಲೆ ಕಾಟಿಗೆ. ಉಳಿದ ಹೊತ್ತಿನಲ್ಲಿ ಆರಾಮಾಗಿ ಎಲೆಯಡಿಕೆ ಮೆಲ್ಲುತ್ತಾರೆ. ನನ್ನ ಹೆದರಿಕೆಗೆ ಬಿಡುವೇ ಇಲ್ಲ, ಉಪಯೋಗವೂ ಇಲ್ಲ. ಮಲೆನಾಡಿನವರು ಹುಲಿಯಪ್ಪನಿಗೆ ಕಾಯಿ ಒಡೆದು, ನಾಗನ ಬನಕ್ಕೆ ಕತ್ತಿ ಹಾಕದೆ ಬಿಟ್ಟದ್ದನ್ನು ಒಂದು ಕಾಲದಲ್ಲಿ ನಾನು ಬರೀ ಮೂಢನಂಬಿಕೆ ಎಂದವನೇ. ಇಂತಿಷ್ಟು ಜಾಗಕ್ಕೆ ಹೆದರಬೇಕು, ಇಂತಿಷ್ಟು ದೂರ ನಿಲ್ಲಬೇಕು ಎಂದು ಊರೊಂದು ತನ್ನ ಭಯವನ್ನು ಪಳಗಿಸಿಕೊಂಡ ಬಗೆ ಅದು ಎಂದು ಈಗ ಅನಿಸುತ್ತದೆ. ಅಷ್ಟೂ ಭಯ ಇಲ್ಲದವರು ಕಾಡಿಗೆ ನುಗ್ಗಿದರೆ ಏನಾಗುತ್ತದೆ ಎಂಬುದಕ್ಕೆ 2024ರ ಜನವರಿಯ ಕುಮಾರಪರ್ವತವೇ ಸಾಕು. ರಜೆಗೆ ಅಲ್ಲಿ ಸೇರಿದ್ದು ಚಾರಣಿಗರಲ್ಲ, ಜಾತ್ರೆ. ಕೊನೆಗೆ ಆನ್‌ಲೈನ್ ಬುಕಿಂಗ್ ಇಲ್ಲದ ಕಡೆ ಸರ್ಕಾರ ಚಾರಣವನ್ನೇ ನಿಲ್ಲಿಸಬೇಕಾಯಿತು.

ಮೇಲೆ ಸರ್ವಜ್ಞಪೀಠದ ಕಲ್ಲುಮಂಟಪದ ಹತ್ತಿರ ಗಾಳಿ ತಂಪಾಗಿತ್ತು. ಭಾವಮೈದನ ಪ್ರಕಾರ ವ್ಯೂ ಕೂಡ ಚೆನ್ನಾಗಿತ್ತು. ನಾನು ಮಂಜು ಸರಿಯುವವರೆಗೆ ಅಂಚಿನಿಂದ ಸಾಕಷ್ಟು ದೂರ ಕೂತಿದ್ದೆ.

ಇಳಿಯಲು ಜೀಪು ಹತ್ತಿದೆವು. ಕೊಡಚಾದ್ರಿಯ ಜೀಪು ದಾರಿ ಗೊತ್ತಿದ್ದವರಿಗೆ ವಿವರಣೆ ಬೇಡ. ಗೊತ್ತಿಲ್ಲದವರಿಗೆ ವಿವರಿಸಿದರೆ ನಂಬುವುದಿಲ್ಲ. ಒಂದು ಪಕ್ಕ ಗುಡ್ಡ, ಇನ್ನೊಂದು ಪಕ್ಕ ಏನೂ ಇಲ್ಲ. ಬೆಳಗ್ಗೆಯಿಂದ ಎಲ್ಲ ಮರಗಳನ್ನೂ ಹಾರಿ ದಾಟಿದ ಭಾವಮೈದ ಎರಡನೆಯ ತಿರುವಿಗೇ ಕಣ್ಣು ಮುಚ್ಚಿ ನನ್ನ ಮೊಣಕೈ ಹಿಡಿದುಕೊಂಡ. ನನಗೆ ಅಷ್ಟು ಹೆದರಿಕೆ ಆಗಲಿಲ್ಲ. ದಿನದ ಪಾಲಿನದು ಆಗಲೇ ಖರ್ಚಾಗಿತ್ತೋ ಏನೋ.

ರಾತ್ರಿ ಲಾಡ್ಜಿನಲ್ಲಿ ಎರಡೂ ಟಾರ್ಚು ಕೊನೆಗೂ ಉಪಯೋಗಕ್ಕೆ ಬಂದವು. ಬಿಸಿನೀರು ಹೊಯ್ದುಕೊಂಡು, ಬಟ್ಟೆಯೆಲ್ಲ ಕೊಡವಿ, ಮಂಡಿ ಸಂದಿ ಕಂಕುಳ ಎಲ್ಲ ಹುಡುಕಿದೆ. ನನ್ನ ಮೈಮೇಲೆ ಏನೂ ಇರಲಿಲ್ಲ. ಭಾವಮೈದನ ಮಂಡಿಯ ಹಿಂದೆ ಒಂದು ಕಪ್ಪು ಚುಕ್ಕೆ ಸಿಕ್ಕಿತು. ಅವನು ಅದನ್ನು ಮಚ್ಚೆ ಎಂದು ವಾದಿಸಿದ. ಮಚ್ಚೆಗೆ ಕಾಲುಗಳಿದ್ದವು. ಚಿಮಟದಲ್ಲಿ ಬುಡಕ್ಕೆ ಹಿಡಿದು ನೇರವಾಗಿ ಎಳೆದು ತೆಗೆದೆ. ಆಮೇಲಿನ ಹತ್ತು ದಿನ ಅವನಿಗೆ ಜ್ವರ ಬಂತಾ ಎಂದು ದಿನಾ ಫೋನ್ ಮಾಡಿ ಪ್ರಾಣ ತಿಂದೆ. ಬರಲಿಲ್ಲ.

ಮಲೆನಾಡಿನ ಕಾಡಿಗೆ ಡಿಸೆಂಬರಿನಿಂದ ಮೇವರೆಗಿನ ತಿಂಗಳುಗಳಲ್ಲಿ ಹೋಗುವವರಿದ್ದರೆ ಹುಲಿ, ಕಾಳಿಂಗಗಳ ಚಿಂತೆ ಬಿಡಿ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಬಂದ ತಕ್ಷಣ ಸ್ನಾನ ಮಾಡಿ, ಮೈ ಹುಡುಕಿ. ಹತ್ತು ದಿನದೊಳಗೆ ಜ್ವರ, ತಲೆನೋವು ಬಂದರೆ ಮಾತ್ರೆ ನುಂಗಿ ಸುಮ್ಮನಿರಬೇಡಿ. ಆಸ್ಪತ್ರೆಗೆ ಹೋಗಿ ಕಾಡಿಗೆ ಹೋಗಿದ್ದೆ ಎಂದು ವೈದ್ಯರಿಗೆ ಮೊದಲೇ ಹೇಳಿ.