ಮೂಲಪುರುಷನ ಶೋಧವೂ ಋಣವಿಚಾರವೂ

ತನ್ನ ಕುಲದ ಮೂಲವನ್ನು ತಿಳಿಯಬೇಕೆಂಬ ಕುತೂಹಲವು ಮನುಷ್ಯನಿಗೆ ಸಹಜವಾದುದು. ನದೀಮೂಲವನ್ನೂ ಋಷಿಮೂಲವನ್ನೂ ಹುಡುಕಬಾರದೆಂದು ಹಿರಿಯರು ಹೇಳಿರುವರಾದರೂ, ಆ ಮಾತನ್ನು ಕೇಳಿ ಸುಮ್ಮನಾದವರು ವಿರಳ. ಅಟ್ಟದ ಮೇಲಿನ ಹಳೆಯ ಪೆಟ್ಟಿಗೆಯಲ್ಲಿ ಒಂದು ಕ್ರಯಪತ್ರವೋ, ಒಂದು ರಸೀತಿಯೋ ದೊರೆತರೆ ಸಾಕು, ಮನೆಯವರೆಲ್ಲರೂ ಅದರ ಸುತ್ತ ನೆರೆಯುವರು. ಮೊದಲು ಈ ನೆಲಕ್ಕೆ ಬಂದವನು ಯಾರು, ಏತಕ್ಕೆ ಬಂದನು, ಹೇಗೆ ಬಾಳಿದನು ಎಂಬ ಪ್ರಶ್ನೆಗಳು ಒಂದರ ಹಿಂದೊಂದು ಏಳುವುವು. ಈ ಶೋಧದಿಂದ ಆಗುವ ಪ್ರಯೋಜನವೇನು, ಅದನ್ನು ಯಾವ ಮನೋಭಾವದಿಂದ ಮಾಡಬೇಕು, ಕಾಗದದಲ್ಲಿ ಮೂಲಪುರುಷನ ದೋಷವು ಕಂಡುಬಂದರೆ ವಂಶಜನ ಕರ್ತವ್ಯವೇನು ಎಂಬುದು ವಿಚಾರಮಾಡತಕ್ಕ ವಿಷಯವಾಗಿದೆ.

ನಮ್ಮ ಶ್ರಾದ್ಧವಿಧಿಯಲ್ಲಿ ಹೆಸರು ಹಿಡಿದು ಸ್ಮರಿಸುವುದು ತಂದೆ, ತಾತ, ಮುತ್ತಾತ ಎಂಬ ಮೂರು ತಲೆಗಳನ್ನು. ಅವರನ್ನು ವಸು, ರುದ್ರ, ಆದಿತ್ಯರ ರೂಪದಲ್ಲಿ ಭಾವಿಸುವರು. ಅದಕ್ಕೂ ಹಿಂದಿನವರನ್ನು ಅರಿಯಬೇಕಾದರೆ ಬರಹವು ಬೇಕು. ಕನ್ನಡನಾಡಿನಲ್ಲಿ ಇಂತಹ ಬರಹಕ್ಕೆ ಕೊರತೆಯಿಲ್ಲ. ಅಗ್ರಹಾರವನ್ನು ಪಡೆದವರಿಗೆ ತಾಮ್ರಶಾಸನವುಂಟು. ಕೆರೆ ಕಟ್ಟಿಸಿದವನಿಗೆ ಏರಿಯ ಮೇಲೆ ಕಲ್ಲುಂಟು. ತುರುಗಾಳಗದಲ್ಲಿ ಮಡಿದವನಿಗೆ ವೀರಗಲ್ಲುಂಟು. ಶ್ಯಾನುಭೋಗರ ಮನೆಯಲ್ಲಿ ಕಡತವುಂಟು. ಉತ್ತರ ಕರ್ಣಾಟಕದ ಹೆಳವರಂತೂ ಎತ್ತನ್ನೇರಿ ಊರೂರಿಗೆ ಬಂದು, ಒಕ್ಕಲು ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಹೇಳಿ, ಹೊಸದಾಗಿ ಹುಟ್ಟಿದವರ ಹೆಸರನ್ನು ಸೇರಿಸಿಕೊಂಡು, ಕಾಳುಕಡಿಯನ್ನು ಪಡೆದು ಹೋಗುವ ಸಂಪ್ರದಾಯವನ್ನು ಬಹುಕಾಲ ನಡೆಸಿಕೊಂಡು ಬಂದಿರುವರು. ಆದರೆ ಒಂದು ಅಂಶವನ್ನು ವಾಚಕರು ಗಮನಿಸಬೇಕು. ಈ ಬರಹಗಳಲ್ಲಿ ಬಹುಪಾಲು ಭೂಮಿಯುಳ್ಳವರವು, ಇಲ್ಲವೆ ಅರಸನ ಕೃಪೆಗೆ ಪಾತ್ರರಾದವರವು. ಭೂಮಿಯಿಲ್ಲದವನ ವಂಶಾವಳಿಯನ್ನು ಬರೆದಿಟ್ಟವರು ಯಾರು?

ಕೋಲಾರದ ಚಿನ್ನದ ಗಣಿಗಳ ಪ್ರಾಂತವು ಈ ಪ್ರಶ್ನೆಗೆ ತಕ್ಕ ದೃಷ್ಟಾಂತವಾಗಿದೆ. ಹಿಂದೆ ಬೌರಿಂಗ್‌ಪೇಟೆಯೆಂದು ಕರೆಯಲ್ಪಡುತ್ತಿದ್ದ ಬಂಗಾರಪೇಟೆಯಿಂದ ಕವಲುದಾರಿಯ ರೈಲು ಹಿಡಿದರೆ ಊರಿಗಾಂ, ಚಾಂಪಿಯನ್ ರೀಫ್, ಕೋರಮಂಡಲ್, ಮಾರಿಕುಪ್ಪಂ ಮೊದಲಾದ ಸ್ಥಳಗಳ ಸೀಮೆಯು ಸಿಕ್ಕುವುದು. ಈ ಸೀಮೆಯ ಮೂಲಪುರುಷನಾರೆಂದು ಕೇಳಿದರೆ ಪುಸ್ತಕಗಳು ಮೈಕೇಲ್ ಲವೆಲ್ ಎಂಬವನ ಹೆಸರನ್ನು ಹೇಳುವುವು. ಈತನು ಐರ್ಲೆಂಡ್ ದೇಶದವನು. ನ್ಯೂಜಿಲೆಂಡಿನ ಮಾವೋರಿ ಯುದ್ಧದಲ್ಲಿ ಸೈನಿಕನಾಗಿದ್ದು ಬೆಂಗಳೂರಿನ ದಂಡುಪ್ರದೇಶದಲ್ಲಿ ಬಂದು ನೆಲಸಿದನು. ಹಳೆಯ ವರದಿಯೊಂದನ್ನು ಓದಿ, 1871ರಲ್ಲಿ ಎತ್ತಿನ ಗಾಡಿಯಲ್ಲಿ ಈ ಸೀಮೆಗೆ ಬಂದು ನೆಲವನ್ನು ಪರೀಕ್ಷಿಸಿದನು. 1873ರಲ್ಲಿ ಮೈಸೂರು ಸರ್ಕಾರಕ್ಕೆ ಅರ್ಜಿಯನ್ನು ಬರೆದು, 1875ರಲ್ಲಿ 20 ವರ್ಷಗಳ ಗುತ್ತಿಗೆಯನ್ನು ಪಡೆದನು. ಹಣ ಸಾಲದೆ ತನ್ನ ಹಕ್ಕನ್ನು ಇತರರಿಗೆ ಬಿಟ್ಟುಕೊಟ್ಟನು. 1880ರ ಬಳಿಕ ಜಾನ್ ಟೇಲರ್ ಕಂಪೆನಿಯವರು ಕೆಲಸವನ್ನು ಕೈಗೊಂಡು, 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯನ್ನು ತರಿಸಿ, ಕಾಲಕ್ರಮದಲ್ಲಿ ಮೂರು ಸಾವಿರ ಮೀಟರಿಗೂ ಕೆಳಗೆ ಗಣಿಗಳನ್ನು ಇಳಿಸಿದರು. ಲವೆಲ್‌ನ ಚರಿತ್ರೆಯನ್ನು ಬರೆಯುವವನಿಗೆ ಶ್ರಮವಿಲ್ಲ. ಅರ್ಜಿಯಿದೆ, ಗುತ್ತಿಗೆಯಿದೆ, ಬೆಂಗಳೂರಿನ ಬೀದಿಯೊಂದಕ್ಕೆ ಆತನ ಹೆಸರೇ ಇದೆ.

ಆದರೆ ಲವೆಲ್‌ನು ಓದಿದ ಆ ವರದಿಯಲ್ಲಿ ಏನಿತ್ತು? ಅದು ಲೆಫ್ಟಿನೆಂಟ್ ವಾರೆನ್ ಎಂಬ ಅಧಿಕಾರಿಯು 1802ರಲ್ಲಿ ಈ ಪ್ರದೇಶದಲ್ಲಿ ಸಂಚರಿಸಿ ಕಂಡ ಸಂಗತಿ. ಊರಿಗಾಂ ಮಾರಿಕುಪ್ಪಂಗಳ ಕಡೆಯ ಗ್ರಾಮಸ್ಥರು ಮಣ್ಣನ್ನು ತೊಳೆದು ಚಿನ್ನದ ಕಣಗಳನ್ನು ಆತನಿಗೆ ತೋರಿಸಿದರು. ಗಂಡಸರು ಕುಳಿಗಳಲ್ಲಿ ಇಳಿದು ಕಲ್ಲನ್ನು ಒಡೆಯುತ್ತಿದ್ದರು. ಬುಟ್ಟಿಗಳು ಕೈಯಿಂದ ಕೈಗೆ ಮೇಲಕ್ಕೆ ಬರುತ್ತಿದ್ದುವು. ಹೆಂಗಸರು ಕಲ್ಲನ್ನು ಕುಟ್ಟಿ ಪುಡಿಮಾಡಿ ತೊಳೆಯುತ್ತಿದ್ದರು. ಅಲ್ಲಿಂದ ಎಂಭತ್ತು ವರ್ಷಗಳ ತರುವಾಯ ಮೈಸೂರು ಗಣಿಯಲ್ಲಿ ಹಾಕಿದ ಹಣವೆಲ್ಲ ಕರಗುತ್ತ ಬಂದಾಗ, ಪ್ಲಮ್ಮರ್ ಎಂಬ ಗಣಿಯ ಅಧಿಕಾರಿಗೆ ಸಮೃದ್ಧವಾದ ಚಾಂಪಿಯನ್ ಪದರವು ದೊರೆತದ್ದು ಪುರಾತನರು ತೋಡಿದ್ದ ಕುಳಿಗಳ ಅಡಿಯಲ್ಲಿಯೇ. ಹಾಗಾದರೆ ಮೊದಲನೆಯವನು ಯಾರು? ಅರ್ಜಿ ಬರೆದವನೋ, ಅರ್ಜಿಯ ಅಕ್ಷರವನ್ನೇ ಅರಿಯದೆ ಕಲ್ಲನ್ನು ಒಡೆದವನೋ? ದಾಖಲೆಯು ಮೊದಲು ಬಂದವನನ್ನು ಹೇಳುವುದಿಲ್ಲ. ಮೊದಲು ಬರೆಯಿಸಿಕೊಂಡವನನ್ನು ಹೇಳುತ್ತದೆ. ಈ ಭೇದವನ್ನು ಮರೆತು ಮಾಡಿದ ಶೋಧವು ಪಾಂಡಿತ್ಯವೆನಿಸಬಹುದಲ್ಲದೆ ಸತ್ಯವೆನಿಸಲಾರದು.

ಇನ್ನು ಗಣಿಯ ಕೆಲಸಕ್ಕಾಗಿ ಉತ್ತರ ಆರ್ಕಾಡು, ಸೇಲಂ, ಚಿತ್ತೂರು ಸೀಮೆಗಳಿಂದ ಸಾವಿರಾರು ಮಂದಿ ಬಂದರು. ಬರಗಾಲಕ್ಕೆ ಬೆದರಿ ಬಂದವರೂ, ಹಳ್ಳಿಯ ಜೀತಕ್ಕೂ ಜಾತಿಯ ತಿರಸ್ಕಾರಕ್ಕೂ ಬೇಸತ್ತು ಬಂದವರೂ ಅವರಲ್ಲಿದ್ದರು. ಇವರ ಮೊಮ್ಮಕ್ಕಳು ಮರಿಮಕ್ಕಳು ಇಂದು ತಮ್ಮ ಮೂಲಪುರುಷನನ್ನು ಹುಡುಕಲು ಹೊರಟರೆ ಅವರಿಗೆ ದೊರೆಯುವುದೇನು? ಕೆಲಸದ ಚೀಟಿ, ದೇವಾಲಯದ ವಂತಿಗೆಯ ರಸೀತಿ, ಇಗರ್ಜಿಯ ಜ್ಞಾನಸ್ನಾನದ ಪುಸ್ತಕದಲ್ಲಿ ಒಂದು ಪಂಕ್ತಿ, ಒಂದು ಹೆಬ್ಬೆಟ್ಟಿನ ಗುರುತು. ಈ ಹೆಬ್ಬೆಟ್ಟಿನ ಕಥೆಯೂ ವಿಚಾರಾರ್ಹವಾಗಿದೆ. 1930ರಲ್ಲಿ ಗಣಿಯವರು ಕೂಲಿಗಳ ಬೆರಳಚ್ಚನ್ನು ಪಡೆದು ನೋಂದಾಯಿಸಬೇಕೆಂದು ಹೊರಟಾಗ, ಕೂಲಿಗಳು ಕೆಲಸವನ್ನು ಬಿಟ್ಟು ಸುಮಾರು ಮೂರು ವಾರಗಳ ಕಾಲ ಮುಷ್ಕರ ಹೂಡಿದರು. ಇಂದಿನ ವಂಶಜನು ಯಾವ ಪುಸ್ತಕದಲ್ಲಿ ತಾತನನ್ನು ಕಾಣಲು ಹಂಬಲಿಸುವನೋ, ಆ ಪುಸ್ತಕಕ್ಕೆ ಸೇರಲಾರೆನೆಂದು ಆ ತಾತನೇ ಹಟ ಹಿಡಿದಿದ್ದಿರಬಹುದು! ಅಂಥವನ ಹೆಸರು ಸಿಕ್ಕದಿರುವುದೂ ಒಂದು ಸಾಕ್ಷ್ಯವೇ ಸರಿ.

ಇಲ್ಲಿ ಒಂದು ಆಕ್ಷೇಪವು ಬರುವುದು. "ಸತ್ತವರ ಹೆಸರನ್ನು ಕೆದಕುವುದರಿಂದ ಏನು ಫಲ? ಗುಣವಂತನಿಗೆ ಕುಲದ ಹಂಗಿಲ್ಲ. ಗುಣಹೀನನಿಗೆ ಕುಲದಿಂದ ಉದ್ಧಾರವಿಲ್ಲ. ಇದೆಲ್ಲವೂ ಅಭಿಮಾನದ ಆಟ" ಎಂದು ಕೆಲವರು ಹೇಳುವರು. ಅಪ್ಪ ನೆಟ್ಟ ಆಲದ ಮರವನ್ನು ತೋರಿಸಿ ತನ್ನ ದೊಡ್ಡಸ್ತಿಕೆಯನ್ನು ಸಾರುವವನ ವಿಷಯದಲ್ಲಿ ಈ ಆಕ್ಷೇಪವು ನ್ಯಾಯವಾದುದೇ. ಆದರೆ ಶೋಧಕ್ಕೆ ಅಭಿಮಾನವೊಂದೇ ಕಾರಣವಾಗಬೇಕೆಂದಿಲ್ಲ. ಮನುಷ್ಯನು ಋಣಗಳೊಡನೆ ಹುಟ್ಟುವನೆಂದೂ, ಅವುಗಳಲ್ಲಿ ಪಿತೃಋಣವು ಒಂದೆಂದೂ ಶಾಸ್ತ್ರವು ಹೇಳುತ್ತದೆ. ಯಾರಿಗೆ ಎಷ್ಟು ಸಲ್ಲಬೇಕೆಂಬುದನ್ನು ತಿಳಿಯದೆ ಸಾಲವನ್ನು ತೀರಿಸುವುದು ಹೇಗೆ? ಲೆಕ್ಕವನ್ನು ನೋಡುವುದಕ್ಕಾಗಿ ಹಳೆಯ ಕಾಗದವನ್ನು ಬಿಚ್ಚುವವನು ಬೇರೆ, ಬಿರುದನ್ನು ಹುಡುಕುವುದಕ್ಕಾಗಿ ಬಿಚ್ಚುವವನು ಬೇರೆ.

ಲೆಕ್ಕವನ್ನು ನೋಡುವಾಗಲೇ ಕಠಿಣವಾದ ಘಟ್ಟವು ಬರುವುದು. ಒಂದು ಮನೆಯವರು ತಮ್ಮ ಮುತ್ತಾತನು ಈ ಸೀಮೆಗೆ ಮೊದಲು ಬಂದ ಸಾಹಸಿಯೆಂದು ತಲೆಮಾರುಗಳಿಂದ ಹೇಳಿಕೊಂಡು ಬಂದಿರುವರೆಂದು ಭಾವಿಸೋಣ. ಕಾಗದವನ್ನು ಶೋಧಿಸಿದಾಗ ಆತನು ಕೂಲಿಗಳನ್ನು ಕರೆತಂದ ಮೇಸ್ತ್ರಿಯೆಂದೂ, ಮುಂಗಡದ ಸಾಲವನ್ನು ತಲೆಗೆ ಕಟ್ಟಿ ಅವರ ಕೂಲಿಯಲ್ಲಿ ಪಾಲನ್ನು ಮುರಿದುಕೊಳ್ಳುತ್ತಿದ್ದನೆಂದೂ ತಿಳಿಯುತ್ತದೆ. ಈಗ ಮರಿಮಗನು ಮಾಡತಕ್ಕದ್ದೇನು? ಆ ಹಾಳೆಯನ್ನು ಒಲೆಗೆ ಹಾಕಬಹುದೆ? ಅಥವಾ ಮುತ್ತಾತನ ಪಾಪಕ್ಕಾಗಿ ತಾನು ತಲೆತಗ್ಗಿಸಿ ನಡೆಯಬೇಕೆ?

ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಕನ್ನಡನಾಡಿನಲ್ಲಿಯೇ ಮಿತಾಕ್ಷರಾ ಎಂಬ ವ್ಯಾಖ್ಯಾನವನ್ನು ರಚಿಸಿದ ವಿಜ್ಞಾನೇಶ್ವರನ ಋಣವಿಚಾರವು ಇದಕ್ಕೆ ದಾರಿ ತೋರುವಂತಿದೆ. ತಂದೆಯ ಸಾಲವನ್ನು ಮಗನು ಬಡ್ಡಿಸಹಿತ ತೀರಿಸಬೇಕು. ಮೊಮ್ಮಗನು ಬಡ್ಡಿಯಿಲ್ಲದೆ ಅಸಲನ್ನು ತೀರಿಸಬೇಕು. ಮರಿಮಗನಾದರೋ ಮುತ್ತಾತನ ಆಸ್ತಿಯನ್ನು ಪಡೆದಿರದಿದ್ದರೆ ಕೊಡಬೇಕಾದುದಿಲ್ಲ ಎಂಬುದು ಅಲ್ಲಿಯ ನಿರ್ಣಯದ ಸಾರ. ಹಣಕ್ಕೆ ಹೇಳಿದ ಈ ನ್ಯಾಯವು ದೋಷಕ್ಕೂ ಹೊಂದುವುದು. ಲಜ್ಜೆಯೆಂಬುದು ಬಡ್ಡಿಯಂತೆ, ತಾನು ಮಾಡದ ಕಾರ್ಯಕ್ಕಾಗಿ ಮರಿಮಗನು ಅದನ್ನು ಹೊರಬೇಕಾಗಿಲ್ಲ. ಸತ್ಯವಾದರೋ ಅಸಲು. ಮುತ್ತಾತನು ಕಟ್ಟಿದ ಮನೆಯಲ್ಲಿ ವಾಸಮಾಡಿ, ಆತನ ಹಣದಿಂದ ವಿದ್ಯೆಯನ್ನು ಪಡೆದು, ಆತನ ಹೆಸರಿನಿಂದ ಗೌರವವನ್ನು ಅನುಭವಿಸುವವನು ಆಸ್ತಿಯನ್ನು ಪಡೆದವನೇ ಆದುದರಿಂದ ಆ ಅಸಲನ್ನು ಸಲ್ಲಿಸಲೇಬೇಕು. ಅಂದರೆ, ಇದ್ದುದನ್ನು ಇದ್ದಂತೆ ಬರೆಯಬೇಕು. ಯಾರ ಕೂಲಿಯಿಂದ ತನ್ನ ಮನೆಯು ಎದ್ದಿತೋ ಅವರ ಮಕ್ಕಳಿಗೆ ಕೈಲಾದುದನ್ನು ಮಾಡಬೇಕು.

ಆ ಅಸಲಿನ ಮೊತ್ತವು ಅಲ್ಪವಾದುದಲ್ಲ. 1940ರಿಂದ 1946ರ ವರೆಗೆ ಈ ಗಣಿಗಳ 7653 ಮಂದಿ ಕೆಲಸಗಾರರನ್ನು ವೈದ್ಯರು ಪರೀಕ್ಷಿಸಿದಾಗ, ನೂರಕ್ಕೆ 40ಕ್ಕೂ ಹೆಚ್ಚು ಮಂದಿಯಲ್ಲಿ ಕಲ್ಲಿನ ಧೂಳಿನಿಂದ ಬರುವ ಶ್ವಾಸಕೋಶದ ರೋಗವು ಕಂಡುಬಂದಿತು. 1956ರಲ್ಲಿ ಗಣಿಗಳು ಮೈಸೂರು ಸರ್ಕಾರದ ವಶಕ್ಕೆ ಬಂದು, ಮುಂದೆ ಕೇಂದ್ರಸರ್ಕಾರಕ್ಕೆ ಸೇರಿ, 2001ರಲ್ಲಿ ಮುಚ್ಚಲ್ಪಟ್ಟುವು. ಒಟ್ಟು ಸುಮಾರು 800 ಟನ್ ಚಿನ್ನವು ಇಲ್ಲಿಂದ ಹೊರಕ್ಕೆ ಹೋಯಿತು. ಉಳಿದದ್ದು ಸೈನೈಡ್ ಗುಡ್ಡಗಳು. ಗಾಳಿ ಬೀಸಿದಾಗ ಅವುಗಳ ಧೂಳು ಇಂದಿಗೂ ಮನೆಗಳ ಮೇಲೆ ಬೀಳುತ್ತದೆ. ಚಿನ್ನದ ತೂಕವನ್ನು ಬರೆದಿಟ್ಟವರು ಅದನ್ನು ತೆಗೆದವನ ಉಸಿರಿನ ತೂಕವನ್ನು ಅಷ್ಟು ಎಚ್ಚರದಿಂದ ಬರೆದಿಡಲಿಲ್ಲ. ಆ ಲೆಕ್ಕವನ್ನು ತುಂಬತಕ್ಕವರು ವಂಶಜರೇ. ಗಣಿಗೆ ಇಳಿದ ಹಿರಿಯರಲ್ಲಿ ಬದುಕಿರುವವರ ಬಾಯಿಂದ ಹೆಸರುಗಳನ್ನೂ ಊರುಗಳನ್ನೂ ಕೇಳಿ ಬರೆದುಕೊಳ್ಳುವುದಕ್ಕೆ ಇನ್ನು ಹೆಚ್ಚು ಕಾಲವಿಲ್ಲ.

ಆದುದರಿಂದ ಸಾರಾಂಶವಿಷ್ಟು. ಪೂರ್ವಜರ ಶೋಧವು ನಿಷಿದ್ಧವಲ್ಲ, ನಿರರ್ಥಕವೂ ಅಲ್ಲ. ಆದರೆ ಅದನ್ನು ಕೈಕೊಂಡವನು ಕೀರ್ತಿಯನ್ನು ತನ್ನದೆಂದು ಭಾವಿಸಬಾರದು, ದೋಷವನ್ನು ಮರೆಮಾಡಬಾರದು, ಕಾಗದದಲ್ಲಿ ಇಲ್ಲದವನು ಜಗತ್ತಿನಲ್ಲಿಯೂ ಇರಲಿಲ್ಲವೆಂದು ತಿಳಿಯಬಾರದು. ತರ್ಪಣದ ಕಡೆಯಲ್ಲಿ ನೀರು ಬಿಡುವವರಾರೂ ಇಲ್ಲದವರಿಗೂ ಒಂದು ಬೊಗಸೆ ನೀರನ್ನು ಬಿಡಬೇಕೆಂದು ವಿಧಿಯಿದೆ. ಹೆಸರು ಗೊತ್ತಿಲ್ಲದಿದ್ದರೂ ಋಣವಿದೆಯೆಂದು ಒಪ್ಪುವುದೇ ಆ ವಿಧಿಯ ಅಭಿಪ್ರಾಯ. ವಂಶಾವಳಿಯನ್ನು ಬರೆಯುವವನೂ ಆ ಬೊಗಸೆಯನ್ನು ಮರೆಯದಿದ್ದರೆ ಅವನ ಶ್ರಮವು ಧರ್ಮಕಾರ್ಯವೆನಿಸುವುದು.